ಕ್ಯಾರವಾನ್ ಟಿವಿಗೆ 12 ವೋಲ್ಟ್, ಮತ್ತು ತಾಮ್ರವೆಂದು ಕೊಟ್ಟ ತಂತಿ

ನಮಸ್ಕಾರ. ಮಳೆಯ ಸದ್ದು ಜೋರಾಗಿದೆ, ಸ್ವಲ್ಪ ಸಹಿಸಿಕೊಳ್ಳಿ. ಸಾಗರದ ಹತ್ತಿರ ಅಪ್ಪಯ್ಯನ ಮನೆಯ ಅಂಗಳದಲ್ಲಿ ಟಾರ್ಪಾಲು ಕಟ್ಟಿ ಗಾಡಿ ನಿಲ್ಲಿಸಿಕೊಂಡಿದ್ದೇವೆ. ಒಳಗಿನ 24 ಇಂಚಿನ ಟಿವಿಗೆ ಇವತ್ತು ಬ್ಯಾಟರಿಯಿಂದಲೇ ಕರೆಂಟ್ ಕೊಡಬೇಕು.

ಊರು ನೋಡಲು ಹೊರಟವರಿಗೆ ಟಿವಿ ಯಾಕೆ ಎಂದು ನಾನೇ ವಾದಿಸುತ್ತಿದ್ದೆ. ಆಗುಂಬೆಯ ಜುಲೈ ಮಳೆಯಲ್ಲಿ ಬಾಗಿಲು ತೆಗೆಯಲೂ ಆಗದೆ ಕುಳಿತ ಮೇಲೆ ಆ ವಾದ ಬಿಟ್ಟಿದ್ದೇನೆ. ಟಿವಿ ಬೇಕು. ಅಪ್ಪಯ್ಯನಿಗೆ ಯಕ್ಷಗಾನ, ನನಗೆ ಕ್ರಿಕೆಟ್.

ಟಿವಿಯ ಬೆನ್ನಿನ ಚೀಟಿ ನೋಡಿ: 12 ವೋಲ್ಟ್, 3 ಆಂಪಿಯರ್. ಕೆಲವು ಟಿವಿಗಳಲ್ಲಿ 19 ಎಂದಿರುತ್ತದೆ, ಕೆಲವಕ್ಕೆ 230 ವೋಲ್ಟ್ ಮಾತ್ರ ಆಗುತ್ತದೆ. ಕೊಳ್ಳುವ ಮೊದಲೇ ಇದನ್ನು ಓದಿ. ಇದು 12, ಬ್ಯಾಟರಿಯೂ 12, ನೇರವಾಗಿ ಸಿಕ್ಕಿಸಿದರಾಯಿತಲ್ಲ ಎನ್ನುತ್ತೀರಿ. ಬೇಡ. ಬ್ಯಾಟರಿಗೆ 12 ಎನ್ನುವುದು ಹೆಸರಿಗೆ ಮಾತ್ರ. ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವಾಗ ಸುಮಾರು 12.7. ಎಂಜಿನ್ ಓಡುತ್ತಿರುವಾಗ, ನೋಡಿ ಮೀಟರ್, 14.2. ಸ್ಟಾರ್ಟ್ ಮಾಡುವ ಕ್ಷಣದಲ್ಲಿ 10ರ ಹತ್ತಿರ ಕುಸಿಯುತ್ತದೆ. ಅಡಾಪ್ಟರಿನ ಸ್ಥಿರವಾದ 12ಕ್ಕೆಂದು ಮಾಡಿದ ಟಿವಿಗೆ ಈ ಏರಿಳಿತ ಕೊಡುವುದು ಅನ್ಯಾಯ.

ಇನ್ವರ್ಟರ್ ಇಡಿ ಎಂದು ಸಲಹೆ ಕೊಡುವವರು ಬಹಳ. 12 ಅನ್ನು 230 ಮಾಡಿ, ಅಡಾಪ್ಟರಿನಲ್ಲಿ ಮತ್ತೆ 12ಕ್ಕೆ ಇಳಿಸುವುದು. ಎರಡು ಸಲ ನಷ್ಟ. ಟಿವಿ ಆರಿಸಿದರೂ ಇನ್ವರ್ಟರ್ ತನ್ನ ಪಾಲು ಕುಡಿಯುತ್ತಲೇ ಇರುತ್ತದೆ. ನನಗಂತೂ ಒಪ್ಪಿಗೆಯಿಲ್ಲ. ಆದರೆ ಮಿಕ್ಸಿಗೆ ಬೇಕೇ ಬೇಕು, ಹಾಗಾಗಿ ನಮ್ಮ ಗಾಡಿಯಲ್ಲೂ ಒಂದಿದೆ.

ಸರಿಯಾದ ವಸ್ತು ಇದು, ಅಂಗೈ ಅಗಲದ ಅಲ್ಯೂಮಿನಿಯಂ ಡಬ್ಬಿ. ಡಿಸಿಯಿಂದ ಡಿಸಿಗೆ, ಅಂದರೆ ಬ್ಯಾಟರಿಯ ಏಕಮುಖ ಕರೆಂಟನ್ನು ಹಾಗೆಯೇ ಇಟ್ಟು ವೋಲ್ಟ್ ಮಾತ್ರ ಬದಲಿಸುವ ಕನ್ವರ್ಟರ್. 8ರಿಂದ 40 ವೋಲ್ಟ್‌ವರೆಗೆ ಏನೇ ಕೊಟ್ಟರೂ 12 ಕೊಡುತ್ತದೆ. ಇಳಿಸುವುದಷ್ಟೇ ಬಲ್ಲ ಅಗ್ಗದ ಡಬ್ಬಿ ತರಬೇಡಿ. ಬ್ಯಾಟರಿ 12ರ ಹತ್ತಿರ ಇಳಿದಾಗ ಅದರಿಂದ 12 ಬರುವುದಿಲ್ಲ. ಏರಿಸಲೂ ಇಳಿಸಲೂ ಬರುವಂಥದ್ದೇ ಆಗಬೇಕು.

ಈಗ ತಂತಿ. ಇದನ್ನು ನಿಧಾನವಾಗಿಯೇ ಹೇಳುತ್ತೇನೆ, ಏಕೆಂದರೆ ಸಿಟ್ಟು ಇನ್ನೂ ಇಳಿದಿಲ್ಲ. ಪೇಟೆಯ ಒಂದು ಅಂಗಡಿಯಲ್ಲಿ 2.5 ಚದರ ಮಿಲಿಮೀಟರಿನ ಶುದ್ಧ ತಾಮ್ರ ಎಂದು ಕೇಳಿ, ತಾಮ್ರದ ದರವನ್ನೇ ಕೊಟ್ಟು ತಂದದ್ದು. ಸುರುಳಿ ಕೈಗೆ ಕೊಟ್ಟಾಗಲೇ ಅಪ್ಪಯ್ಯ ತೂಗಿ ನೋಡಿದರು. "ಅಲ್ಲ ಮಾರಾಯ್ತಿ, ಇಷ್ಟು ಹಗುರವೇ ತಾಮ್ರ?" ಎಂದರು. ಅಡಿಕೆ ಸುಲಿಯುವ ಕತ್ತಿಯಿಂದ ಒಂದು ಎಳೆಯನ್ನು ಕೆರೆದರು. ಕ್ಯಾಮೆರಾ ಹತ್ತಿರ ತರುತ್ತೇನೆ, ನೋಡಿ: ಮೇಲೆ ಕೆಂಪು, ಕೆರೆದಲ್ಲಿ ಬೆಳ್ಳಗೆ. ಒಳಗೆ ಅಲ್ಯೂಮಿನಿಯಂ, ಹೊರಗೆ ತಾಮ್ರದ ತೆಳು ಲೇಪ. ಲೈಟರ್ ಹಿಡಿದರೆ ಎಳೆಯ ತುದಿ ಕರಗಿ ಗುಂಡಗಾಗುತ್ತದೆ. ಹಳೆಯ ಪಂಪಿನ ತಂತಿಯ ಎಳೆ ಅದೇ ಉರಿಯಲ್ಲಿ ಕೆಂಪಗೆ ಕಾಯಿತು, ಕರಗಲಿಲ್ಲ.

ಆದರೂ ಪರೀಕ್ಷೆಗೆಂದು ಜೋಡಿಸಿದೆವು. ಹೋಗಿ ಬರುವ ದಾರಿ ಸೇರಿ 12 ಮೀಟರ್. ಟಿವಿ, ಸೆಟ್ ಟಾಪ್ ಬಾಕ್ಸ್ ಎರಡೂ ಉರಿಯುವಾಗ ಬ್ಯಾಟರಿಯ ಬಳಿ 12.5, ಈ ತುದಿಯಲ್ಲಿ 11.6. ಹೆಚ್ಚುಕಡಿಮೆ ಒಂದು ವೋಲ್ಟ್ ದಾರಿಯಲ್ಲೇ ಹೋಯಿತು. ಒಳ್ಳೆಯ ತಾಮ್ರದಲ್ಲಿ ಅರ್ಧ ವೋಲ್ಟೂ ಹೋಗುವುದಿಲ್ಲ. ಕನ್ವರ್ಟರ್ ಸರಿಮಾಡಿಕೊಳ್ಳುತ್ತದಲ್ಲ ಎನ್ನಬಹುದು. ಸರಿಮಾಡುತ್ತದೆ, ಅದಕ್ಕಾಗಿ ಹೆಚ್ಚು ಆಂಪಿಯರ್ ಎಳೆಯುತ್ತದೆ. ಆಗ ತಂತಿ ಇನ್ನಷ್ಟು ಬಿಸಿಯಾಗುತ್ತದೆ. ಮೇಲಿಂದ ನಮ್ಮ ಘಟ್ಟದ ರಸ್ತೆಯ ಕುಲುಕಾಟ, ಈ ಥಂಡಿ. ಸ್ಕ್ರೂ ಕೆಳಗೆ ಅಲ್ಯೂಮಿನಿಯಂ ಚಪ್ಪಟೆಯಾಗಿ ಸಡಿಲವಾಗುತ್ತದೆ, ಸಡಿಲವಾದಲ್ಲಿ ಕಾಯುತ್ತದೆ. ಮಲಗುವ ಗಾಡಿಯ ಗೋಡೆಯೊಳಗೆ ಇಂಥದ್ದನ್ನು ಎಳೆಯಲು ಮಾರುವುದು ಅಪರಾಧ. ಅಂಗಡಿಯವರು ಹಣ ವಾಪಸು ಕೊಡಲಿಲ್ಲ, ಬದಲಿಗೆ ಬಲ್ಬ್ ತೆಗೆದುಕೊಂಡು ಹೋಗಿ ಎಂದರು. ನಾನು ತೆಗೆದುಕೊಳ್ಳಲಿಲ್ಲ. ನೀವು ಅಂಗಡಿಯಲ್ಲೇ ಕೆರೆದು ನೋಡಿ, ಸಂಕೋಚ ಬೇಡ.

ಅಲ್ಲಿ ಕರೆಂಟ್ ಹೋಯಿತು, ಮನೆಯ ದೀಪ ಆರಿತಲ್ಲ, ಅದೇ. ಜೋಗದ ವಿದ್ಯುದಾಗಾರ ಶುರುವಾದದ್ದು 1948ರಲ್ಲಿ, ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯಲ್ಲಿ ಮನೆ, ತೋಟ ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು ಈ ಸುತ್ತಿನಲ್ಲೇ ಇದ್ದಾರೆ. ಶರಾವತಿಯ ಕರೆಂಟ್ ಎಲ್ಲೆಲ್ಲಿಗೋ ಹೋಗುತ್ತದೆ, ಇಲ್ಲಿ ಗಾಳಿ ಬೀಸಿದರೆ ಮೇಣದಬತ್ತಿ ಹುಡುಕಬೇಕು. ಇದರ ಬಗ್ಗೆ ಬೇರೆಯೇ ವಿಡಿಯೊ ಮಾಡಬೇಕು, ಮಾಡುತ್ತೇನೆ.

ಅಯ್ಯೋ, ಜೋಡಣೆ ಮುಗಿಯುತ್ತಾ ಬಂತು. ಬೇಗ ಹೇಳುತ್ತೇನೆ. ಇದು ಹೊಸ ತಂತಿ, ಬೇರೆ ಅಂಗಡಿಯದು, ಕೆರೆದು ನೋಡಿಯೇ ತಂದದ್ದು. ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೇ ಇರಬೇಕು. ಟಿವಿಯ ಬಳಿ ಹಾಕಿದರೆ ನಡುವಿನ ತಂತಿಗೆ ರಕ್ಷಣೆಯೇ ಇಲ್ಲ. ಕನ್ವರ್ಟರಿನಲ್ಲಿ ಕೆಂಪು ಕಪ್ಪು ಒಳಬರುವುದು, ಹಳದಿ ಕಪ್ಪು ಹೊರಹೋಗುವುದು. ನಿಮ್ಮದರ ಚೀಟಿ ನೋಡಿಕೊಳ್ಳಿ. ಪಿನ್ನಿನ ನಡುವೆ ಪ್ಲಸ್ ಇದೆಯೇ ಎಂದು ಮೀಟರಿನಲ್ಲಿ ಅಳೆದ ಮೇಲೆಯೇ ಟಿವಿಗೆ ಚುಚ್ಚಿ.

ಬಂತು! ಎಂಜಿನ್ ಓಡುತ್ತಿದ್ದರೂ 12.0, ಆರಿಸಿದರೂ 12.0. ಟಿವಿ ಗಂಟೆಗೆ ಸುಮಾರು ಮೂರು ಆಂಪಿಯರ್-ಅವರ್ ತಿಂದರೂ, ನೂರರ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಿ ಹದಿನಾರು ಗಂಟೆ ನೋಡಬಹುದು. ಮಳೆ ದಟ್ಟವಾದರೆ ಡಿಶ್ ಸಿಗ್ನಲ್ ಹೋಗುವುದು ಖಂಡಿತ, ಅದಕ್ಕೆ ಪ್ರಸಂಗಗಳನ್ನು ಪೆನ್ ಡ್ರೈವಿಗೆ ತುಂಬಿಸಿಟ್ಟಿದ್ದೇನೆ. ಅಪ್ಪಯ್ಯ ಆಗಲೇ ರಿಮೋಟ್ ಹಿಡಿದು ಕುಳಿತರು. ಗೋಡೆಯ ಹಲಗೆ ಮುಚ್ಚುವುದು ಮುಂದಿನ ವಿಡಿಯೊದಲ್ಲಿ.