ಬೋಲ್ಟಿನ ತಲೆ ನೋಡಿ

ನಮಸ್ಕಾರ. ರೇಡಿಯೋ ಹಚ್ಚಿಕೊಂಡೇ ಕೆಲಸ ಮಾಡುವ ಗ್ಯಾರೇಜ್ ಹುಡುಗರು ಕಲಬುರಗಿಯಲ್ಲಿ ಬಹಳ ಮಂದಿ ಇದ್ದೀರಿ, ನನಗೆ ಗೊತ್ತು. ಅಜ್ಜನ ಕಾಲದ ಅಂಬಾಸಿಡರ್ ಮನೆ ಮುಂದೆ ನಿಲ್ಲಿಸಿಕೊಂಡು, ಇದನ್ನು ಮತ್ತೆ ಓಡಿಸಿಯೇ ತೀರುತ್ತೇನೆ ಅಂತ ಹಟ ಹಿಡಿದವರೂ ಇದ್ದೀರಿ. ಇವತ್ತಿನ ಮಾತು ನಿಮ್ಮ ಜೊತೆಗೆ.

ಹಳೇ ಎಂಜಿನ್ ಬಿಚ್ಚಿದರೆ ಎಲ್ಲರಿಗೂ ಪಿಸ್ಟನ್, ರಿಂಗು, ಬೇರಿಂಗಿನ ಚಿಂತೆ. ಅದಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡುತ್ತಾರೆ. ಬೋಲ್ಟ್ ಮಾತ್ರ ಮೂಲೆಯ ಡಬ್ಬಿಯಿಂದ ಬರುತ್ತದೆ. ಡಬ್ಬಿಗೆ ಕೈ ಹಾಕು, ಒಂದು ತೆಗೆ, ತಿರುಗಿಸಿ ನೋಡು. ಹೊಕ್ಕಿತಾ? ಹೊಕ್ಕಿತು. ಕೆಲಸ ಮುಗೀತು! ಅಲ್ಲಪ್ಪ, ಹೊಕ್ಕ ಬೋಲ್ಟೆಲ್ಲ ಸರಿಯಾದ ಬೋಲ್ಟ್ ಆಗುವುದಿಲ್ಲ. ಮೊದಲು ಅದರ ತಲೆ ನೋಡಿ.

ಮಿಲಿಮೀಟರ್ ಬೋಲ್ಟ್ ಇದ್ದರೆ ತಲೆಯ ಮೇಲೆ 8.8 ಅಂತಲೋ, 10.9 ಅಂತಲೋ ಉಬ್ಬಿದ ಅಂಕಿ ಇರುತ್ತದೆ. ಮೊದಲಿನ 8 ಅಂದರೆ ಒಂದು ಚದರ ಮಿಲಿಮೀಟರಿಗೆ ಸುಮಾರು 80 ಕಿಲೋ ಎಳೆತ ತಡೆಯುತ್ತದೆ ಅಂತ. ಚುಕ್ಕಿಯ ಆಚೆ ಇರುವ 8 ಅಂದರೆ, ಅದರ ನೂರಕ್ಕೆ 80 ಪಾಲು ಎಳೆದಾಗಲೇ ಬೋಲ್ಟ್ ಉದ್ದವಾಗಿ ಹಾಗೇ ಉಳಿಯುತ್ತದೆ, ವಾಪಸ್ ಬರುವುದಿಲ್ಲ. ಇಂಚಿನ ಬೋಲ್ಟಿಗೆ ಅಂಕಿ ಇಲ್ಲ, ಗೆರೆ ಇರುತ್ತವೆ. ಮೂರು ಗೆರೆ ಇದ್ದರೆ ಗ್ರೇಡ್ 5, ಆರು ಗೆರೆ ಇದ್ದರೆ ಗ್ರೇಡ್ 8. ತಲೆ ಬೋಳಾಗಿದೆಯಾ? ಅದು ಗೇಟಿಗೆ ಹಾಕುವ ಬೋಲ್ಟ್. ಗೇಟಿಗೇ ಹಾಕಿ.

ಇಷ್ಟು ಗಟ್ಟಿ ಯಾಕೆ ಬೇಕು ಅಂತೀರಾ? ತೊಗರಿ ಚೀಲ ಹೇರಿದ ಟ್ರಾಲಿ ನೋಡಿದ್ದೀರಲ್ವಾ. ಹಗ್ಗ ಜಗ್ಗಿ ಬಿಗಿದಿದ್ದರೆ ರಸ್ತೆ ಎಷ್ಟೇ ಕೆಟ್ಟಿದ್ದರೂ ಚೀಲ ಮಿಸುಕುವುದಿಲ್ಲ, ಹಗ್ಗವೂ ಸವೆಯುವುದಿಲ್ಲ. ಸ್ವಲ್ಪ ಸಡಿಲಾಯಿತೋ, ಒಂದೊಂದು ಗುಂಡಿಗೂ ಚೀಲ ಜಿಗಿದು ಹಗ್ಗವನ್ನು ಜಗ್ಗುತ್ತದೆ. ಹತ್ತು ಮೈಲಿಗೆ ಹಗ್ಗ ಹರಿಯುತ್ತದೆ. ಬೋಲ್ಟೂ ಹಾಗೇ. ಬಿಗಿದಾಗ ಅದು ಕೂದಲೆಳೆಯಷ್ಟು ಉದ್ದವಾಗಿ ಸ್ಪ್ರಿಂಗಿನಂತೆ ಹಿಡಿದುಕೊಳ್ಳುತ್ತದೆ. ಕಡಿಮೆ ಗಟ್ಟಿಯದನ್ನು ಅಷ್ಟೇ ಬಿಗಿದರೆ ಜಗ್ಗಿಹೋಗುತ್ತದೆ, ಹಿಡಿತ ಬಿಡುತ್ತದೆ.

ಇದು ಪುಸ್ತಕದಲ್ಲಿ ಓದಿದ್ದಲ್ಲ, ನಾನೇ ಮಾಡಿಕೊಂಡ ಎಡವಟ್ಟು. ಆಗ ನನಗೆ ಇಪ್ಪತ್ತೆರಡು ವರ್ಷ. ನಮ್ಮ ಕಾಕಾನ ಅಂಬಾಸಿಡರ್ ಎಂಜಿನ್ ಬಿಚ್ಚಿ, ಒಬ್ಬನೇ ಕೂತು ಜೋಡಿಸುತ್ತಿದ್ದೆ. ಅದೇ 1489 ಸಿಸಿ ಎಂಜಿನ್. ಮೂರನೇ ಸಿಲಿಂಡರಿನ ಪಿಸ್ಟನ್ನನ್ನು ತಿರುಗುವ ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಒಂದು ಬೋಲ್ಟಿನ ಚೂಡಿ, ಅಂದರೆ ಮೈಮೇಲಿನ ಸುರುಳಿ ಗೆರೆ, ಕೆಟ್ಟಿತ್ತು. ಅಸಲಿ ಬೋಲ್ಟ್ ಹೈದರಾಬಾದಿನಿಂದ ಬರಬೇಕು, ನಾಲ್ಕು ದಿನ ಬೇಕು. ಹುಮನಾಬಾದಿನಲ್ಲಿ ಮದುವೆ ಇದ್ದದ್ದು ಮೂರನೇ ದಿನ. ಬಜಾರಿಗೆ ಹೋದೆ, ಅದೇ ದಪ್ಪದ, ಅದೇ ಚೂಡಿಯ ಬೋಲ್ಟ್ ಸಿಕ್ಕಿತು. ತಲೆ ಬೋಳು. ಬೆಣ್ಣೆಯಂತೆ ಹೊಕ್ಕಿತು! ಕಾಕಾನಿಗೆ ಚಹಾ ಕುಡಿಸಿ, ಎಂಜಿನ್ ಹೊಸದಾಗಿದೆ ಅಂದೆ.

ಎರಡು ದಿನ ಊರೊಳಗೆ ಚೆನ್ನಾಗಿ ಓಡಿತು. ಮದುವೆಯ ದಿನ ಏಳು ಜನ, ಡಿಕ್ಕಿ ತುಂಬ ಪಾತ್ರೆ. ಕಮಲಾಪುರ ದಾಟಿದ ಮೇಲೆ ಟಕ್ ಟಕ್ ಅಂತ ಸದ್ದು ಶುರುವಾಯಿತು. ಕಾಕಾ ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ನೋಡಿದೆ. ಇನ್ನೊಂದು ಮೈಲಿ ಹೋಗಿರಬಹುದು, ಧಡ್ ಅಂತು. ರಾಡು ಬ್ಲಾಕ್ ಒಡೆದು ಹೊರಗೆ ಬಂದಿತ್ತು. ಬಿಸಿ ಆಯಿಲ್ ರಸ್ತೆ ತುಂಬ. ರೇಷ್ಮೆ ಸೀರೆ ಉಟ್ಟ ಕಾಕಿ, ಪಾತ್ರೆ, ನಾವೆಲ್ಲ ಒಂದು ಲಾರಿ ಹತ್ತಿ ಮದುವೆಗೆ ಹೋದೆವು. ಕಾಕಾ ಬೈಯಲಿಲ್ಲ. ಊಟಕ್ಕೆ ಕೂತಾಗ, ‘ಎಂಜಿನ್ ಹೊಸದಾಗಿತ್ತಲ್ಲೋ’ ಅಂದ, ಅಷ್ಟೇ. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಆ ಮುರಿದ ಬೋಲ್ಟ್ ಇವತ್ತು ಜೇಬಿನಲ್ಲಿ ತಂದಿದ್ದೇನೆ. ಮೇಜಿಗೆ ಬಡಿಯುತ್ತೇನೆ, ಕೇಳಿ. ಇದೇ. ಮುರಿದ ಜಾಗದಲ್ಲಿ ಅರ್ಧ ನುಣುಪು, ಅರ್ಧ ಒರಟು. ನುಣುಪು ಇರುವುದು ಎರಡು ದಿನ ಸ್ವಲ್ಪ ಸ್ವಲ್ಪ ಬಿರಿದ ಭಾಗ. ಒರಟು ಇರುವುದು ಕಮಲಾಪುರದಾಚೆ ಒಂದೇ ಏಟಿಗೆ ಹರಿದ ಭಾಗ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಪಿಸ್ಟನ್ 3000 ಸಲ ಮೇಲೆ ಹೋಗುತ್ತದೆ. ಒಂದು ಸಲ ಬಿಟ್ಟು ಒಂದು ಸಲ ಅದನ್ನು ಕೆಳಕ್ಕೆ ಎಳೆದು ತರುವುದು ರಾಡಿನ ಬೋಲ್ಟು. ಅಲ್ಲಿ ನಾನು ಗೇಟಿನ ಬೋಲ್ಟ್ ಹಾಕಿದ್ದೆ! ತಲೆ ನೋಡಿರಲಿಲ್ಲ.

ಅಯ್ಯೋ, ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ.

ಹಳೇ ಅಂಬಾಸಿಡರ್ ಎಂಜಿನ್ ಇಂಚಿನ ಲೆಕ್ಕ, ಪದ್ಮಿನಿ ಕಾರಿನದು ಮಿಲಿಮೀಟರ್ ಲೆಕ್ಕ. ಡಬ್ಬಿ ಬೇರೆ ಬೇರೆ ಇಡಿ. ನಮ್ಮ ಮಿಸ್ತ್ರಿಗಳು ಎರಡೂವರೆ ಸೂತ್ ಅನ್ನುವ, ಅಂದರೆ 5/16 ಇಂಚಿನ ಬೋಲ್ಟಿಗೂ 8 ಮಿಲಿಮೀಟರಿನದಕ್ಕೂ ದಪ್ಪ ಹೆಚ್ಚುಕಡಿಮೆ ಒಂದೇ. ಆದರೆ ಅಂಬಾಸಿಡರಿನದಕ್ಕೆ ಇಂಚಿಗೆ 24 ಚೂಡಿ, ಮಿಲಿಮೀಟರಿನದಕ್ಕೆ ಸುಮಾರು 20. ಎರಡು ಸುತ್ತು ಹೊಕ್ಕು ಗಟ್ಟಿಯಾಗುತ್ತದೆ. ಆಗ ಉದ್ದನೆಯ ಪಾನಾ ತಂದು ಜೋರು ಮಾಡಬೇಡಿ, ದಯವಿಟ್ಟು! ಬಿಚ್ಚಿ, ಚೂಡಿ ಗೇಜ್ ಹಚ್ಚಿ ನೋಡಿ.

ಹೊಳೆಯುವ ಸ್ಟೀಲ್ ಬೋಲ್ಟ್ ಚಂದ ಕಾಣುತ್ತದೆ ಅಂತ ಈಗ ಎಲ್ಲರಿಗೂ ಅದೇ ಬೇಕು. ಅದರ ತಲೆ ಮೇಲೆ ಎ2-70 ಅಂತ ಇರುತ್ತದೆ. ಅಂದರೆ ಸುಮಾರು 70 ಕಿಲೋ, 8.8ಕ್ಕಿಂತ ಕಡಿಮೆ. ನಂಬರ್ ಪ್ಲೇಟಿಗೆ ಹಾಕಿ, ರಾಡಿಗೆ ಬೇಡ.

ಬ್ಲಾಕಿನ ತೂತಿನಲ್ಲಿ ಆಯಿಲ್ ನಿಂತಿದ್ದರೆ ಗಾಳಿ ಹೊಡೆದು ಒಣಗಿಸಿ. ಇಲ್ಲದಿದ್ದರೆ ಬೋಲ್ಟ್ ಇಳಿದಂತೆ ಆಯಿಲ್ ಒತ್ತಿ ಬ್ಲಾಕನ್ನೇ ಸೀಳುತ್ತದೆ. ಎಷ್ಟು ಬಿಗಿದೆವು ಅಂತ ಅಳೆದು ತೋರಿಸುವ ಟಾರ್ಕ್ ಪಾನಾ ಬಗ್ಗೆ ಹೇಳುವುದು ಬಹಳ ಇತ್ತು. ಮತ್ತೆ ಕರೆದರೆ ಬರುತ್ತೇನೆ, ಈ ಬೋಲ್ಟನ್ನೂ ತರುತ್ತೇನೆ. ನಮಸ್ಕಾರ.