ಎತ್ತಿಗೆ ಜ್ವರ, ಎಮ್ಮೆಗೆ ಬರೆ: ನೈನರ್ಸ್ 2024ರ ಸೀಸನ್

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ ಊಟ ಮುಗಿಸ್ಕೊಂಡು ಇಷ್ಟು ಜನ ಬಂದಿದೀರ, ಖುಷಿ ಆಯ್ತು. ಇಲ್ಲಿ ಅರ್ಧ ಜನಕ್ಕೆ ಅಮೆರಿಕನ್ ಫುಟ್ಬಾಲ್ ಗೊತ್ತು, ಇನ್ನರ್ಧ ಜನಕ್ಕೆ ಲೀವೈಸ್ ಸ್ಟೇಡಿಯಂ ಅಂದ್ರೆ ಮ್ಯಾಚ್ ದಿನ ಟಾಸ್ಮನ್ ರೋಡಲ್ಲಿ ಆಗೋ ಟ್ರಾಫಿಕ್ ಮಾತ್ರ ಗೊತ್ತು. ಇಬ್ಬರಿಗೂ ಅರ್ಥ ಆಗೋ ಹಾಗೆ ಮಾತಾಡ್ತೀನಿ.

ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್, ನಾವೆಲ್ಲ ನೈನರ್ಸ್ ಅಂತೀವಲ್ಲ, ಹೆಸರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಇದ್ರೂ 2014ರಿಂದ ಆಡ್ತಿರೋದು ನಮ್ಮ ಸಾಂಟಾ ಕ್ಲಾರಾದ ಆ ಲೀವೈಸ್ ಸ್ಟೇಡಿಯಂನಲ್ಲೇ. ಐದು ಸೂಪರ್ ಬೌಲ್, ಅಂದ್ರೆ ಲೀಗಿನ ಫೈನಲ್, ಗೆದ್ದಿರೋ ಟೀಮು, ಆದ್ರೆ ಐದನೇದು ಬಂದಿದ್ದು 1995ರ ಜನವರಿಯಲ್ಲಿ, ಆಮೇಲೆ ಮೂರು ಸಲ ಫೈನಲ್‌ಗೆ ಹೋಗಿ ಮೂರು ಸಲಾನೂ ಸೋತು ಬಂದ್ರು. 2023ರ ಸೀಸನ್‌ನಲ್ಲಿ 17 ಮ್ಯಾಚಲ್ಲಿ 12 ಗೆದ್ದು ಸೂಪರ್ ಬೌಲ್‌ವರೆಗೂ ಹೋಗಿದ್ರು, ಅದಾದ ಮುಂದಿನ ಸೀಸನ್‌ನಲ್ಲಿ ಅದೇ ಮುಖ್ಯ ಕೋಚು, ಬಾಲ್ ಎಸೆದು ಅಟ್ಯಾಕ್ ನಡೆಸೋ ಅದೇ ಕ್ವಾರ್ಟರ್‌ಬ್ಯಾಕು, ಹೆಚ್ಚುಕಮ್ಮಿ ಅದೇ ಹುಡುಗರು, 6 ಗೆದ್ದು 11 ಸೋತು ನಾಲ್ಕು ಟೀಮಿನ ಡಿವಿಷನ್‌ನಲ್ಲಿ ಕೊನೆ ಸ್ಥಾನ. ಯಾಕೆ ಹೀಗಾಯ್ತು ಅಂತ ಯಾರನ್ನ ಕೇಳಿದ್ರೂ ಬರೋದು ಒಂದೇ ಉತ್ತರ, ಇಂಜುರಿ. ಸುಳ್ಳಲ್ಲ ಅದು. ಆದ್ರೆ ಅಷ್ಟಕ್ಕೇ ಮುಗಿಸೋದಕ್ಕೆ ನಾನು ಒಪ್ಪಲ್ಲ, ಇವತ್ತು ಮಾತಾಡೋಕೆ ಬಂದಿರೋದೇ ಅದಕ್ಕೆ.

2024ರ ಫೆಬ್ರವರಿ 11ಕ್ಕೆ ಹೋಗೋಣ. ಲಾಸ್ ವೇಗಾಸ್, ಎದುರಿಗೆ ಕ್ಯಾನ್ಸಸ್ ಸಿಟಿ ಚೀಫ್ಸ್. ಓವರ್‌ಟೈಮಲ್ಲಿ 25-22ಕ್ಕೆ ಸೋತ್ವಿ, ಅದು ಎಲ್ಲರಿಗೂ ನೆನಪಿದೆ. ಮೂರನೇ ಕ್ವಾರ್ಟರಲ್ಲಿ ಚೀಫ್ಸ್ ಪಂಟ್ ಮಾಡಿದ, ಅಂದ್ರೆ ದೂರಕ್ಕೆ ಒದ್ದು ನಮಗೆ ಬಿಟ್ಟುಕೊಟ್ಟ ಬಾಲು ನಮ್ಮ ಹುಡುಗನ ಕಾಲಿಗೆ ತಾಗಿ ಅವರ ಕೈಗೆ ಸಿಕ್ತು, ಮರುಕ್ಷಣಾನೇ ಅವರು ಬಾಲನ್ನ ನಮ್ಮ ಗೋಲ್ ಲೈನ್ ದಾಟಿಸಿ ಟಚ್‌ಡೌನ್ ಹೊಡೆದ್ರು. ನಾಲ್ಕನೇ ಕ್ವಾರ್ಟರಲ್ಲಿ ನಾವು ಟಚ್‌ಡೌನ್ ಹೊಡೆದಾಗ ಅದಾದ್ಮೇಲೆ ಸಿಗೋ ಆ ಒಂದು ಎಕ್ಸ್‌ಟ್ರಾ ಪಾಯಿಂಟ್ ಕಿಕ್ ಬ್ಲಾಕ್ ಆಯ್ತು. ಅರವತ್ತು ನಿಮಿಷ ಮುಗಿದಾಗ ಸ್ಕೋರು 19-19. ಆ ಒಂದು ಪಾಯಿಂಟು ಎಷ್ಟು ದುಬಾರಿ ಆಯ್ತು ನೋಡಿ.

ಈ ಕಿಕ್ಕು, ಪಂಟು, ರಿಟರ್ನು, ಇದನ್ನೆಲ್ಲ ನೋಡ್ಕೊಳ್ಳೋ ವಿಭಾಗಕ್ಕೆ ಸ್ಪೆಷಲ್ ಟೀಮ್ಸ್ ಅಂತಾರೆ. ಅಟ್ಯಾಕ್ ಒಂದು, ಡಿಫೆನ್ಸ್ ಒಂದು, ಇದು ಮೂರನೇದು. ಸ್ಟಾರ್‌ಗಳು ಇದರಲ್ಲಿ ಸಾಮಾನ್ಯವಾಗಿ ಆಡಲ್ಲ, ಬೆಂಚಲ್ಲಿ ಕೂರೋ ಹುಡುಗರು, ಕಮ್ಮಿ ಸಂಬಳದವರು, ಹೆಸರೇ ಯಾರಿಗೂ ಗೊತ್ತಿರದವರು ಆಡ್ತಾರೆ. ಸೂಪರ್ ಬೌಲಲ್ಲಿ ಎಡವಿದ್ದು ಅಲ್ಲಿ. ಆದ್ರೆ ಮೂರೇ ದಿನಕ್ಕೆ ಕೆಲಸ ಕಳ್ಕೊಂಡಿದ್ದು ಯಾರು? ಡಿಫೆನ್ಸ್ ಕೋಚ್ ಸ್ಟೀವ್ ವಿಲ್ಕ್ಸ್. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ, ಥೇಟ್ ಅದೇ. ಡಿಫೆನ್ಸಿಗೆ ನಿಕ್ ಸೊರೆನ್ಸನ್ ಬಂದ್ರು, ಸ್ಪೆಷಲ್ ಟೀಮ್ಸ್ ಹಾಗೇ ಉಳೀತು.

ಈಗ 2024ರ ಸೀಸನ್ ನೋಡಿ. ಎರಡನೇ ವಾರ ಮಿನೆಸೋಟಾದಲ್ಲಿ ನಮ್ಮ ಪಂಟ್ ಬ್ಲಾಕ್ ಆಯ್ತು, ಸೋತ್ವಿ. ಮೂರನೇ ವಾರ ಲಾಸ್ ಏಂಜಲೀಸಲ್ಲಿ ರ್‍ಯಾಮ್ಸ್ ವಿರುದ್ಧ ಮೆಕ್ಯಾಫ್ರಿ ಇಲ್ಲ, ಡೀಬೋ ಸ್ಯಾಮ್ಯುಯಲ್ ಇಲ್ಲ, ಕಿಟಲ್ ಇಲ್ಲ, ಆದ್ರೂ ಜವಾನ್ ಜೆನ್ನಿಂಗ್ಸ್ ಅನ್ನೋ ಹುಡುಗ 175 ಯಾರ್ಡು, ಮೂರು ಟಚ್‌ಡೌನ್ ಹೊಡೆದು ಟೀಮನ್ನ ಹೊತ್ಕೊಂಡ. ಕೊನೆ ಕ್ವಾರ್ಟರಲ್ಲಿ ಹತ್ತು ಪಾಯಿಂಟ್ ಮುಂದಿದ್ವಿ. ಅಲ್ಲಿಂದ ನಮ್ಮದೊಂದು ಫೀಲ್ಡ್ ಗೋಲ್, ಅಂದ್ರೆ ಮೂರು ಪಾಯಿಂಟಿನ ಕಿಕ್, ಮಿಸ್ ಆಯ್ತು, ಸಮ ಆದ್ಮೇಲೆ ನಾವು ಮಾಡಿದ ಪಂಟನ್ನ ಅವರು 38 ಯಾರ್ಡ್ ವಾಪಸ್ ಓಡ್ಸಿದ್ರು, ಎರಡು ಸೆಕೆಂಡ್ ಇರುವಾಗ ಕಿಕ್ ಹೊಡೆದು 27-24ಕ್ಕೆ ಗೆದ್ಕೊಂಡ್ ಹೋದ್ರು. ಸ್ಟಾರ್‌ಗಳು ಇರ್ಲಿಲ್ಲ ಅಂತ ಸೋಲ್ಲಿಲ್ಲ ಸಾರ್ ಆ ಮ್ಯಾಚು. ಸ್ಟಾರ್‌ಗಳಿಲ್ಲದೇನೇ ಗೆದ್ದಾಗಿತ್ತು ಅದು!

ಅಕ್ಟೋಬರ್ 6ನೇ ತಾರೀಕಿನ ಅರಿಜೋನಾ ಕಾರ್ಡಿನಲ್ಸ್ ಮ್ಯಾಚಿಗೆ ನಾನೂ ಮಗಳೂ ಹೋಗಿದ್ವಿ. ಪೂರ್ವದ ಕಡೆ ಸೀಟು, ಆ ಸ್ಟೇಡಿಯಂ ಬಗ್ಗೆ ಗೊತ್ತಿರೋರಿಗೆ ಗೊತ್ತು, ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತೆ, ಅವತ್ತಂತೂ ಕೆಂಡ. ಕೆಂಪು ಸೀಟಿನ ಮೇಲೆ ಕೈ ಇಟ್ರೆ ಚುರ್ ಅನ್ನೋದು, ಮಗಳು ಟವೆಲ್ ನೆನೆಸಿ ತಲೆ ಮೇಲೆ ಹಾಕ್ಕೊಂಡು ಕೂತಿದ್ಲು. ಹಾಫ್ ಟೈಮ್‌ಗೆ 23-10 ಮುಂದೆ. ಹಾಫ್ ಟೈಮ್ ಹತ್ರ ಅವರ ಕಿಕ್ಕನ್ನ ನಮ್ಮೋರು ಬ್ಲಾಕ್ ಮಾಡಿ, ಡಿಯೊಮಡೋರ್ ಲೆನೋಯರ್ 61 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ್ದ, ಅದನ್ನೂ ಹೇಳ್ಬೇಕು, ಅದು ಸ್ಪೆಷಲ್ ಟೀಮ್ಸ್ ಮಾಡಿದ್ದೇ. ಆದ್ರೆ ಅದಕ್ಕೂ ಮುಂಚೆ ಒಂದು ಕಿಕ್‌ಆಫಲ್ಲಿ ನಾವು ಒದ್ದ ಬಾಲ್ ಹಿಡ್ಕೊಂಡು ಓಡೋ ಅವರ ರಿಟರ್ನರ್ ನಮ್ಮ ಎಲ್ಲರನ್ನೂ ದಾಟ್ಕೊಂಡು ಬಂದುಬಿಟ್ಟ, ಕೊನೆಗೆ ಅವನನ್ನ ಹಿಡಿಯೋಕೆ ಹೋಗಿದ್ದು ಕಿಕ್ಕರ್ ಜೇಕ್ ಮೂಡಿ. ಹಿಡಿದ, ಕಣಕಾಲು ಹೋಯ್ತು.

ನನಗೆ ಆ ಗಳಿಗೆ ಇನ್ನೂ ಕಣ್ಮುಂದೆ ಇದೆ. ಹತ್ತು ಜನ ಹಿಡೀಬೇಕಾದವನನ್ನ ಕಿಕ್ಕರ್ ಹಿಡೀಬೇಕಾಗಿ ಬಂತು ಅಂದ್ರೆ ಮುಂದಿನ ಹತ್ತೂ ಜನ ತಪ್ಪಿದಾರೆ ಅಂತ. ಆಮೇಲೆ ಪಂಟರ್ ಮಿಚ್ ವಿಷ್ನೌಸ್ಕಿನೇ ಕಿಕ್ ಮಾಡೋಕೂ ನಿಲ್ಬೇಕಾಯ್ತು, ದೂರದಿಂದ ಮೂರು ಪಾಯಿಂಟ್ ತಗೊಳ್ಳೋ ದಾರಿನೇ ಮುಚ್ಚೋಯ್ತು. ಸೆಕೆಂಡ್ ಹಾಫಲ್ಲಿ ನಾವು ಹೊಡೆದಿದ್ದು ಸೊನ್ನೆ. ಗೋಲ್ ಲೈನ್ ಹತ್ರಕ್ಕೆ ಹೋಗಿ ಜೋರ್ಡನ್ ಮೇಸನ್ ಬಾಲ್ ಕೈಬಿಟ್ಟಾಗ ನಮ್ಮ ಸುತ್ತ ಒಂದು ಸದ್ದಿಲ್ಲ. 24-23, ಒಂದು ಪಾಯಿಂಟ್. ಮಗಳು ಲೈಟ್ ರೈಲ್ ಸ್ಟೇಷನ್‌ವರೆಗೂ ಮಾತಾಡ್ಲಿಲ್ಲ, ಟ್ರೇನ್ ಹತ್ತಿದ್ಮೇಲೆ ಕೇಳಿದ್ಲು, ಅಪ್ಪ ಕಿಕ್ಕರ್ ಯಾಕೆ ಟ್ಯಾಕಲ್ ಮಾಡ್ಬೇಕಿತ್ತು ಅಂತ. ಇಡೀ ಸೀಸನ್ ಆ ಪ್ರಶ್ನೆಯಲ್ಲೇ ಇದೆ ಅಂತ ನನಗೆ ಅನ್ಸುತ್ತೆ.

ಮೂಡಿ ಮೂರು ಮ್ಯಾಚ್ ಹೊರಗಿದ್ದ. ವಾಪಸ್ ಬಂದ ದಿನ ಟ್ಯಾಂಪಾದಲ್ಲಿ ಮೂರು ಕಿಕ್ ಮಿಸ್ ಮಾಡಿದ, ಡೀಬೋ ಸಿಟ್ಟಲ್ಲಿ ಮಾತಾಡೋಕೆ ಹೋಗಿ, ಅಡ್ಡ ಬಂದ ಲಾಂಗ್ ಸ್ನ್ಯಾಪರ್, ಅಂದ್ರೆ ಕಿಕ್ಕಿಗೆ ಬಾಲನ್ನ ಹಿಂದಕ್ಕೆ ಎಸೆದುಕೊಡೋ ಹುಡುಗನ ಕತ್ತಿಗೇ ಕೈ ಹಾಕಿದ, ಟೀವೀಲಿ ಎಲ್ಲರೂ ನೋಡಿದ್ರು. ಕೊನೆಗೆ 44 ಯಾರ್ಡಿಂದ ಅದೇ ಮೂಡಿ ಹೊಡೆದು ಗೆಲ್ಲಿಸ್ದ. ವರ್ಷಪೂರ್ತಿ ಲೆಕ್ಕ ಹಾಕಿದ್ರೆ 34 ಪ್ರಯತ್ನಕ್ಕೆ 24. ಪೂರ್ತಿ ತಪ್ಪು ಆ ಹುಡುಗನ ಮೇಲೆ ಹಾಕೋಕೆ ನನ್ನ ಮನಸ್ಸು ಒಪ್ಪಲ್ಲ, ಗಾಯ ಆಗೋ ಮುಂಚೆ ಅವನು ತುಂಬ ಚೆನ್ನಾಗೇ ಹೊಡೀತಿದ್ದ.

ಇಂಜುರಿ ವಿಷಯಕ್ಕೂ ಬರ್ತೀನಿ, ಬಿಟ್ಟು ಹೋಗೋ ಹಾಗಿಲ್ಲ. ಕ್ರಿಶ್ಚಿಯನ್ ಮೆಕ್ಯಾಫ್ರಿ 2023ರಲ್ಲಿ 272 ಸಲ ಬಾಲ್ ಹಿಡ್ಕೊಂಡು ಓಡಿದ್ದ, ಅದರ ಮೇಲೆ 67 ಕ್ಯಾಚು, ಇದು ಪ್ಲೇಆಫ್ ಬಿಟ್ಟು. ಅಷ್ಟು ದುಡಿಸ್ಕೊಂಡ ಮೈ ಅದು. 2024ರಲ್ಲಿ ಎರಡೂ ಕಾಲಿನ ಹಿಮ್ಮಡಿ ನರ ಊದ್ಕೊಂಡು, ಚಿಕಿತ್ಸೆಗೆ ಜರ್ಮನಿವರೆಗೂ ಹೋಗಿ ಬಂದು, ಆಡಿದ್ದು ನಾಲ್ಕೇ ಮ್ಯಾಚು, ಡಿಸೆಂಬರ್ 1ಕ್ಕೆ ಬಫಲೋದಲ್ಲಿ ಹಿಮದಲ್ಲಿ ಮಂಡಿ ಹೋಯ್ತು. ಡ್ರೆ ಗ್ರೀನ್‌ಲಾ ಆ ಸೂಪರ್ ಬೌಲಲ್ಲೇ, ಯಾರೂ ಮುಟ್ಟದೇನೇ, ಮೈದಾನಕ್ಕೆ ಓಡಿ ಬರುವಾಗ ಹಿಮ್ಮಡಿ ನರ ಹರ್ಕೊಂಡಿದ್ದ. ಬ್ರ್ಯಾಂಡನ್ ಐಯುಕ್ ಬೇಸಿಗೆ ಪೂರ್ತಿ ಪ್ರಾಕ್ಟೀಸ್ ಮಾಡದೇ ಕೂತು ನಾಲ್ಕು ವರ್ಷಕ್ಕೆ 120 ಮಿಲಿಯನ್ ಡಾಲರ್ ಕಾಂಟ್ರ್ಯಾಕ್ಟ್ ತಗೊಂಡ, ಅಕ್ಟೋಬರ್ 20ಕ್ಕೆ ಮಂಡಿ ಹೋಗಿ ಸೀಸನ್ ಮುಗೀತು. ಸ್ಟಾರ್‌ಗಳಿಗೆ ಹೀಗೆ ದುಡ್ಡು ಸುರಿಯೋಕೆ ಆಗಿದ್ದು ಯಾಕಂದ್ರೆ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ 2022ರ ಡ್ರಾಫ್ಟಲ್ಲಿ, ಅಂದ್ರೆ ಟೀಮುಗಳು ಕಾಲೇಜು ಹುಡುಗರನ್ನ ಸರದಿಯಲ್ಲಿ ಆರಿಸ್ಕೊಳ್ಳೋದ್ರಲ್ಲಿ, 262ನೇ, ಅಂದ್ರೆ ಕಟ್ಟಕಡೇ ಹುಡುಗ, ಅವನ 2024ರ ಸಂಬಳ ಒಂದು ಮಿಲಿಯನ್ ಡಾಲರ್ ಕೂಡ ಇರ್ಲಿಲ್ಲ. ಲೀಗ್ ಪ್ರತಿ ಟೀಮಿಗೂ ಸಂಬಳಕ್ಕೆ ಮಿತಿ ಹಾಕುತ್ತೆ, ಆ ವರ್ಷ 255.4 ಮಿಲಿಯನ್. ಮೇಲಿನ ಎಂಟತ್ತು ಜನಕ್ಕೆ ಅದರಲ್ಲಿ ದೊಡ್ಡ ಪಾಲು ಹೋದ್ರೆ, ಆ ಕಿಕ್‌ಆಫಲ್ಲಿ ಓಡಿ ಹೋಗಿ ಹಿಡಿಯೋ ಹುಡುಗರಿಗೆ ಏನು ಉಳೀತು? ಆ ಸ್ಟಾರ್‌ಗಳಿಗೇ ಪೆಟ್ಟು ಬಿದ್ರೆ ಬೆಂಚಿನವರು ಸ್ಟಾರ್ ಜಾಗಕ್ಕೆ ಹೋಗ್ತಾರೆ, ಬೆಂಚಿನವರ ಜಾಗಕ್ಕೆ ಇನ್ನೂ ಕೆಳಗಿನವರು. ಇಂಜುರಿಯ ನಿಜವಾದ ಏಟು ಬಿದ್ದಿದ್ದು ಅಲ್ಲಿ.

ಎಲ್ಲಾ ಸೋಲನ್ನೂ ಸ್ಪೆಷಲ್ ಟೀಮ್ಸ್ ತಲೆಗೆ ಕಟ್ಟಲ್ಲ ನಾನು. ನವೆಂಬರ್ 17ಕ್ಕೆ ಸಿಯಾಟಲ್ ಕ್ವಾರ್ಟರ್‌ಬ್ಯಾಕ್ ಜೀನೋ ಸ್ಮಿತ್ 12 ಸೆಕೆಂಡ್ ಇರುವಾಗ 13 ಯಾರ್ಡ್ ತಾನೇ ಓಡಿ ನಮ್ಮನ್ನ 20-17ಕ್ಕೆ ಸೋಲಿಸಿದ್ದು ಡಿಫೆನ್ಸ್ ತಪ್ಪು. ಆದ್ರೆ ರ್‍ಯಾಮ್ಸು, ಅರಿಜೋನಾ, ಸಿಯಾಟಲ್, ಮೂರೂ ನಮ್ಮ ಡಿವಿಷನ್ನೇ, ಮೂರೂ ಕೊನೆ ಎರಡು ನಿಮಿಷದಲ್ಲಿ ಕೈಬಿಟ್ಟವು. ಮೂರೂ ಗೆದ್ದಿದ್ರೆ 9-8. ಅದಾದ್ಮೇಲೆ ಗ್ರೀನ್ ಬೇನಲ್ಲಿ 38-10, ಬಫಲೋನಲ್ಲಿ 35-10 ಸೋಲು, ಅಲ್ಲಿಗೆ ಟೀಮ್ ಖಾಲಿ ಆಗಿತ್ತು. ಡಿಸೆಂಬರ್ 12ರ ಮಳೆ ರಾತ್ರಿ ರ್‍ಯಾಮ್ಸ್ ವಿರುದ್ಧ 12-6ಕ್ಕೆ ಸೋತಾಗ ಡಿವಾಂಡ್ರೆ ಕ್ಯಾಂಬೆಲ್ ಅನ್ನೋ ಆಟಗಾರ ನಾನು ಆಡಲ್ಲ ಅಂತ ಹೇಳಿ ಮೈದಾನ ಬಿಟ್ಟು ನಡೆದುಬಿಟ್ಟ. ಅದನ್ನ ನೋಡಿ ನನಗೆ ಸಿಟ್ಟು ಬಂತು, ಈಗ್ಲೂ ಇದೆ.

ಯಾಕೆ ಸಿಟ್ಟು ಅಂದ್ರೆ ಅದೇ ಲಾಕರ್ ರೂಮಲ್ಲಿ ಯಾರ್‍ಯಾರು ಇದ್ರು ನೋಡಿ. ರಿಕಿ ಪಿಯರ್ಸಲ್, ಹೊಸ ಹುಡುಗ, ಆಗಸ್ಟ್ 31ಕ್ಕೆ ಯೂನಿಯನ್ ಸ್ಕ್ವೇರಲ್ಲಿ, ನಾವೆಲ್ಲ ಕ್ರಿಸ್‌ಮಸ್ ಲೈಟ್ ನೋಡೋಕೆ ಮಕ್ಕಳನ್ನ ಕರ್ಕೊಂಡು ಹೋಗ್ತೀವಲ್ಲ ಅಲ್ಲೇ, ದರೋಡೆ ಮಾಡೋಕೆ ಬಂದವನ ಗುಂಡು ಎದೆಗೆ ಬಿದ್ದು ಬೆನ್ನಿಂದ ಹೊರಗೆ ಹೋಯ್ತು. ಐವತ್ತೇ ದಿನಕ್ಕೆ ಮೈದಾನಕ್ಕೆ ಇಳಿದ. ಚಾರ್ವೇರಿಯಸ್ ವಾರ್ಡ್, ಅಕ್ಟೋಬರ್ ಕೊನೇಲಿ ಅವನ ಮಗಳು ತೀರ್ಕೊಂಡ್ಲು, ಎರಡು ವರ್ಷ ಕೂಡ ತುಂಬಿರ್ಲಿಲ್ಲ. ಟ್ರೆಂಟ್ ವಿಲಿಯಮ್ಸ್ ದಂಪತಿಗೆ ನವೆಂಬರಲ್ಲಿ ಹುಟ್ಟೋ ಮುಂಚೇನೇ ಗಂಡು ಮಗು ಹೋಯ್ತು. ವಾರ್ಡ್ ಕೆಲವು ವಾರ ಬಿಟ್ಟು ವಾಪಸ್ ಬಂದು ಆಡಿದ. ಸೋಲು ಗೆಲುವಿನ ಲೆಕ್ಕದಲ್ಲಿ ಇದನ್ನ ಎಲ್ಲಿ ಬರೀಬೇಕು ಅಂತ ನನಗೆ ಗೊತ್ತಾಗಲ್ಲ, ಆದ್ರೆ ಈ ಸೀಸನ್ ಬಗ್ಗೆ ಮಾತಾಡುವಾಗ ಅವರ ಹೆಸರು ಹೇಳದೇ ಎದ್ದು ಹೋಗೋಕೆ ನನ್ನಿಂದ ಆಗಲ್ಲ.

ಕೊನೆ ಮ್ಯಾಚು 2025ರ ಜನವರಿ 5, ಅರಿಜೋನಾದಲ್ಲಿ 47-24 ಸೋಲು. ಅದಾದ ಕೆಲವೇ ದಿನಕ್ಕೆ ಸ್ಪೆಷಲ್ ಟೀಮ್ಸ್ ಕೋಚ್ ಬ್ರಯಾನ್ ಷ್ನೈಡರ್‌ನ ತೆಗೆದ್ರು, ಒಂದು ವರ್ಷ ತಡವಾಗಿ. ಡಿಫೆನ್ಸಿಗೆ ಹಳೇ ಕೋಚ್ ರಾಬರ್ಟ್ ಸಾಲೆ ವಾಪಸ್ ಬಂದ್ರು. ಮಾರ್ಚಲ್ಲಿ ಡೀಬೋನ ವಾಷಿಂಗ್ಟನ್‌ಗೆ ಕೊಟ್ಟು ಐದನೇ ರೌಂಡ್ ಪಿಕ್ ತಗೊಂಡ್ರು, ಗ್ರೀನ್‌ಲಾ ಡೆನ್ವರ್‌ಗೆ ಹೋದ, ವಾರ್ಡ್ ಇಂಡಿಯಾನಾಪೊಲಿಸ್‌ಗೆ. ನಮ್ಮನೇಲಿ ಮಗಳ ರೂಮಿನ ಬಾಗಿಲ ಹಿಂದೆ ವಾರ್ಡ್ ಹೆಸರಿನ 7ನೇ ನಂಬರ್ ಜರ್ಸಿ ನೇತಾಕಿದೆ. ತೆಗೀಲಾ ಅಂತ ಕೇಳ್ದೆ, ಬೇಡ ಅಂದ್ಲು.