ಹಿಮ ಬೀಳುವ ಊರಿಗೆ ಫೈಬರ್‌ಗ್ಲಾಸ್ ಈಜುಕೊಳ

ಕೇಳುಗರಿಗೆ ನಮಸ್ಕಾರ.

ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಫ್ರೀಜರಿನಲ್ಲಿಟ್ಟು ಮರೆತರೆ ಏನಾಗುತ್ತದೆ? ಬಾಟಲಿ ಒಡೆಯುತ್ತದೆ. ಹೆಪ್ಪುಗಟ್ಟುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಹಾಗಿದ್ದರೆ ಕೊರೆಯುವ ಚಳಿಯಲ್ಲಿ ಫೈಬರ್‌ಗ್ಲಾಸ್ ಈಜುಕೊಳವೂ ಒಡೆಯಬೇಕು, ಅಲ್ವಾ? ಹೆಸರಿನಲ್ಲೇ ಗಾಜಿದೆ, ಭಯ ಸಹಜ.

ಆದರೆ ಚಳಿ ಊರಿಗೆ ಇದು ಒಳ್ಳೆಯ ಆಯ್ಕೆ ಅಂತಲೇ ನಾನು ಹೇಳುತ್ತೇನೆ. ಗಾಜಿನ ಎಳೆಗಳಿಗೆ ರಾಳ ಕುಡಿಸಿ, ಪದರದ ಮೇಲೆ ಪದರ ಕೂಡಿಸಿ ಮಾಡಿದ ತೊಟ್ಟಿ ಇದು. ದೋಣಿಗಳನ್ನೂ ಹೀಗೇ ಮಾಡುತ್ತಾರೆ. ಒತ್ತಡ ಬಿದ್ದರೆ ಸ್ವಲ್ಪ ಬಾಗುತ್ತದೆ, ಒತ್ತಡ ಹೋದರೆ ಮೊದಲಿನ ಆಕಾರಕ್ಕೆ ಬರುತ್ತದೆ. ಕಾಂಕ್ರೀಟು ಹಾಗೆ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೊಳದಲ್ಲಿ, ಹಳೆಯದಾದ ಹಾಳೆ ಚಳಿಗೆ ಪೆಡಸಾಗಿ ಹರಿಯಬಹುದು.

ಭಯ ಪಡಬೇಕಾದದ್ದು ತೊಟ್ಟಿಯ ಹೊರಗಿನ ನೀರಿಗೆ. ಮಣ್ಣಿನಲ್ಲಿರುವ ತೇವ ಹೆಪ್ಪುಗಟ್ಟಿದರೆ ನೆಲವೇ ಉಬ್ಬುತ್ತದೆ. ಅದಕ್ಕೇ ತೊಟ್ಟಿಯ ಸುತ್ತ ಮರಳು ತುಂಬಬೇಡಿ, ಸಣ್ಣ ಜಲ್ಲಿ ತುಂಬಿಸಿ. ಮರಳು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಜಲ್ಲಿಯಲ್ಲಿ ನೀರು ನಿಲ್ಲದೆ ಕೆಳಗಿಳಿಯುತ್ತದೆ. ಹಾಗೆ ಇಳಿದ ನೀರು ಹೊರಹೋಗಲು ದಾರಿಯೂ ಇರಬೇಕು.

ಇನ್ನು ಪೈಪುಗಳು. ಚಳಿಗಾಲದಲ್ಲಿ ಮೊದಲು ಒಡೆಯುವುದು ಇವೇ. ಪೈಪಿನೊಳಗಿನ ನೀರಿಗೆ ಹಿಗ್ಗಲು ಜಾಗವಿರುವುದಿಲ್ಲ. ಚಳಿ ಬರುವ ಮೊದಲೇ ಕೊಳದ ನೀರಿನ ಮಟ್ಟವನ್ನು ಪೈಪಿನ ಬಾಯಿಗಳಿಗಿಂತ ಕೆಳಕ್ಕೆ ಇಳಿಸಿ. ಪೈಪುಗಳಿಗೆ ಗಾಳಿ ಊದಿಸಿ ನೀರು ಪೂರಾ ತೆಗೆಸಿ, ಬಿರಡೆ ಹಾಕಿಸಿ. ಪಂಪು, ಫಿಲ್ಟರು, ಹೀಟರುಗಳಲ್ಲೂ ನೀರು ಉಳಿಯಬಾರದು. ಪೈಪಿಗೆ ಆಂಟಿಫ್ರೀಜ್, ಅಂದರೆ ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ, ಹಾಕುವುದಾದರೆ ಈಜುಕೊಳಕ್ಕೆಂದೇ ಬರುವುದನ್ನೇ ಹಾಕಿ. ಕಾರಿಗೆ ಹಾಕುವ ಆಂಟಿಫ್ರೀಜ್‌ನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ.

ನೀರು ಇಳಿಸಿ ಎಂದೆ, ಖಾಲಿ ಮಾಡಿ ಎಂದಲ್ಲ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ತೊಟ್ಟಿಯನ್ನು ನೆಲದೊಳಗೆ ಒತ್ತಿ ಹಿಡಿದಿರುವುದು ಒಳಗಿನ ನೀರಿನ ಭಾರ. ಅದನ್ನು ತೆಗೆದುಬಿಟ್ಟರೆ, ಸುತ್ತಲಿನ ಅಂತರ್ಜಲ ಹಗುರಾದ ತೊಟ್ಟಿಯನ್ನು ಮೇಲಕ್ಕೆ ಎತ್ತಿಬಿಡಬಹುದು. ಗೋಡೆಗಳು ಒಳಕ್ಕೆ ಉಬ್ಬಬಹುದು. ಒಳಗಿನ ನೀರು ಮೇಲೆ ಹೆಪ್ಪುಗಟ್ಟಿದರೂ ಚಿಂತೆಯಿಲ್ಲ. 4 ಡಿಗ್ರಿಯ ನೀರು ಹೆಚ್ಚು ಭಾರ, ಅದು ತಳಕ್ಕೆ ಇಳಿಯುತ್ತದೆ. ಮಂಜುಗಡ್ಡೆ ಮೇಲೆ ತೇಲುತ್ತದೆ. ಸುಮ್ನೆ ಅದನ್ನು ಕುಟ್ಟಿ ಒಡೆಯಲು ಹೋಗಬೇಡಿ, ಪೆಟ್ಟು ತೊಟ್ಟಿಯ ಗೋಡೆಗೆ ಬೀಳುತ್ತದೆ.

ಹಿಮ ಕರಗುವ ದಿನಗಳಲ್ಲಂತೂ ನೆಲದೊಳಗೆ ನೀರು ಜಾಸ್ತಿ. ಕೊಳ ತೊಳೆಯೋಣ ಎಂದು ಮನಸ್ಸಾಗುವುದೂ ಆಗಲೇ. ಆಗ ನೀರು ಇರುವಂತೆಯೇ ಉದ್ದ ಹಿಡಿಯ ಬ್ರಷ್ಷಿನಿಂದ ಉಜ್ಜಿ. ಗೋಡೆ ನುಣುಪಾಗಿರುವುದರಿಂದ ಪಾಚಿ ಸುಲಭವಾಗಿ ಬಿಡುತ್ತದೆ.

ನಮಸ್ಕಾರ.